ತಮ್ಮನ ಓತಿ

ತಮ್ಮ ಮೆಣಸು ಕೊಯ್ಯುವ ಏಣಿಯಿಂದ ಬಿದ್ದ ಮೇಲೆ ನಾಲ್ಕು ದಿನ ಅವನ ಓತಿಯ ನೆನಪು ಮನೆಯಲ್ಲಿ ಯಾರಿಗೂ ಬರಲಿಲ್ಲ. ಕೊನೆಗೆ ನೆನಪು ಮಾಡಿದವನೂ ಅವನೇ. ಹಾಸನದ ಆಸ್ಪತ್ರೆಯಲ್ಲಿ ಬೆನ್ನಿನ ಆಪರೇಷನ್ ಮುಗಿಸಿ ವಾರ್ಡಿಗೆ ತಂದು ಮಲಗಿಸಿದ್ದರು. ಹತ್ತಿಯಲ್ಲಿ ನೀರು ಅದ್ದಿ ಅವನ ತುಟಿಗೆ ಸವರುತ್ತಿದ್ದೆ. ನನ್ನ ಮಣಿಕಟ್ಟು ಹಿಡಿದುಕೊಂಡು ಕೇಳಿದ:

"ಅಕ್ಕ, ಅದಕ್ಕೆ ಲೈಟ್ ಹಾಕ್ತಿದೀಯಾ?"

"ಹಾಕ್ತಿದೀನಿ ಕಣೋ."

"ತಿಂತಾ?"

"ತಿಂತು. ನೀನು ಮಾತಾಡ್ಬೇಡ, ಸುಮ್ನಿರು."

ಎರಡೂ ಸುಳ್ಳು. ನಾಲ್ಕು ದಿನದಿಂದ ಅವನ ಕೋಣೆಯ ಬಾಗಿಲನ್ನೇ ಯಾರೂ ತೆಗೆದಿರಲಿಲ್ಲ. ಹಾಸನದಲ್ಲೇ ಇರುವ ಸೋದರಮಾವನನ್ನು ಅವನ ಪಕ್ಕ ಕೂರಿಸಿ ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ಆಲೂರಿನಲ್ಲಿ ಇಳಿದು ಮಗ್ಗೆ ಕಡೆಯ ಬಸ್ಸಿಗೆ ಕಾಯುತ್ತ ನಿಂತಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ಅದು ಸತ್ತಿದ್ದರೆ ಅವನಿಗೆ ಏನಂತ ಹೇಳುವುದು?

ಆ ಓತಿ ನಮ್ಮ ಬೇಲಿಯ ಮೇಲೆ ತಲೆ ಆಡಿಸುವ ಓತಿಕ್ಯಾತ ಅಲ್ಲ. ಹೊರದೇಶದ ಮರಳುಗಾಡಿನದು. ಬಾಲವೂ ಸೇರಿ ಮೊಳದುದ್ದ, ಒಣಗಿದ ಮಣ್ಣಿನ ಬಣ್ಣ, ಪಕ್ಕೆಯುದ್ದಕ್ಕೂ ಮೆತ್ತನೆಯ ಮುಳ್ಳು. ಸಿಟ್ಟು ಬಂದರೆ ಗಂಟಲು ಉಬ್ಬಿಸಿ ಕಪ್ಪು ಗಡ್ಡ ಬಿಡುತ್ತಿತ್ತು. ತಮ್ಮ ಆರು ವರ್ಷ ಹಾಸನದ ಒಂದು ಅಲಂಕಾರಿಕ ಮೀನಿನ ಅಂಗಡಿಯಲ್ಲಿ ಕೆಲಸ ಮಾಡಿದ್ದ. ಅಂಗಡಿ ಮುಚ್ಚಿದಾಗ ಮಾಲೀಕರು, ಯಾರೂ ಕೊಳ್ಳದೆ ಉಳಿದಿದ್ದ ಇದನ್ನು ಕಾಗದಪತ್ರದ ಸಮೇತ ಇವನಿಗೇ ಕೊಟ್ಟುಬಿಟ್ಟರು. ಎರಡು ವರ್ಷದ ಹಿಂದೆ ಒಂದು ಹಳೆಯ ಮೀನಿನ ತೊಟ್ಟಿ, ಎರಡು ಬಲ್ಬು, ಒಂದು ಉದ್ದನೆಯ ಟ್ಯೂಬ್‌ಲೈಟು, ಈ ಓತಿ, ಇಷ್ಟನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದು ಅಂಗಳದಲ್ಲಿ ಇಳಿಸಿದ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದವಳು ಅವತ್ತು ಅನ್ನಕ್ಕೇ ಕೂರಲಿಲ್ಲ.

ನಾನು ಮದುವೆಯಾದ ನಾಲ್ಕನೇ ವರ್ಷಕ್ಕೆ ತವರಿಗೆ ಮರಳಿದವಳು. ಯಸಳೂರು ರಸ್ತೆಯ ಒಂದು ಎಸ್ಟೇಟಿನಲ್ಲಿ ರೈಟರ್ ಕೆಲಸ ನನ್ನದು. ಬೆಳಿಗ್ಗೆ ಆಳುಗಳ ಹಾಜರಿ ಬರೆದು, ಯಾರು ಯಾವ ಬ್ಲಾಕಿಗೆ ಎಂದು ಹೇಳಿ ಕಳಿಸಬೇಕು. ತಮ್ಮ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಾಗ, "ಮೆಣಸಿನ ಕೊಯ್ಲಿಗಾದ್ರೂ ಬಾರೋ" ಎಂದು ಕರೆದುಕೊಂಡು ಹೋದವಳು ನಾನೇ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಆನಿಸಿದ ಏಣಿ ಜಾರಿದ ಆ ದಿನವೂ ಅವನ ಹೆಸರನ್ನು ಪುಸ್ತಕದಲ್ಲಿ ಬರೆದದ್ದು ನನ್ನ ಕೈ. ಸೊಂಟದಿಂದ ಕೆಳಗೆ ಅವನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ.

ಮನೆಗೆ ಬಂದು ಕೋಣೆಯ ಬಾಗಿಲು ತೆಗೆದೆ. ತೊಟ್ಟಿಯ ಮೂಲೆಯಲ್ಲಿ ಓತಿ ಚಪ್ಪಟೆಯಾಗಿ ಬಿದ್ದಿತ್ತು. ಮೈ ಬಣ್ಣ ಇದ್ದಲಿನ ಹಾಗೆ ಕಪ್ಪಾಗಿತ್ತು. ಕಣ್ಣು ಮುಚ್ಚಿತ್ತು. ಎರಡು ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ; ಅವತ್ತೂ ಧೈರ್ಯ ಬರಲಿಲ್ಲ. ಗೋಡೆಯ ಮೇಲಿದ್ದ ಮೂರು ಸ್ವಿಚ್ಚನ್ನೂ ಒತ್ತಿ ನೆಲದ ಮೇಲೆ ಕೂತುಬಿಟ್ಟೆ. ಎಷ್ಟು ಹೊತ್ತು ಕೂತೆನೋ. ಬಲ್ಬಿನ ಕೆಳಗಿದ್ದ ಕಲ್ಲು ಬಿಸಿಯಾಯಿತು. ಕಪ್ಪು ಮೈ ನಿಧಾನವಾಗಿ ಬೂದಿಯಾಯಿತು. ಒಂದು ಕಣ್ಣು ತೆರೆಯಿತು, ಒಂದೇ ಒಂದು. ನನಗೆ ಅಳು ತಡೆಯಲಾಗಲಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ದಿನ ಅಳದಿದ್ದವಳು ಅಲ್ಲಿ ಕೂತು ಅತ್ತೆ.

*

ಮುಂದಿನ ಸಲ ಹಾಸನಕ್ಕೆ ಹೋದಾಗ ತಮ್ಮನಿಗೆ ನಿಜ ಹೇಳಿದೆ. ಅವನು ಬೈಯಲಿಲ್ಲ. "ಬರ್ಕೋ" ಅಂದ. ಅವನು ಹೇಳುತ್ತ ಹೋದ, ನಾನು ಹಳೆಯ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ.

"ಬೆಳಿಗ್ಗೆ ಏಳಕ್ಕೆ ಲೈಟ್ ಹಾಕು, ಸಾಯಂಕಾಲ ಏಳಕ್ಕೆ ಆರ್ಸು. ಕಲ್ಲಿನ ಮೇಲೆ ಕೈ ಇಟ್ರೆ ಚುರುಕ್ ಅನ್ಬೇಕು, ಸುಡಬಾರ್ದು. ಆ ಕಡೆ ಮೂಲೆ ತಣ್ಣಗಿರ್ಬೇಕು. ಬಿಸಿಯಾದ್ರೆ ಅದೇ ಅಲ್ಲಿಗ್ ಹೋಗ್ತೈತೆ."

"ಆ ಉದ್ದನೆ ಟ್ಯೂಬ್ ಯಾಕೆ?"

"ಅದು ಬಿಸಿಲು. ಅದಿಲ್ದಿದ್ರೆ ಮೂಳೆ ಮೆತ್ತಗಾಗ್ಬುಡ್ತೈತೆ. ದವಡೆ ರಬ್ಬರ್ ಥರ ಆಗಿ ಸಾಯ್ತೈತೆ. ಹುಳಕ್ಕೆ ಕ್ಯಾಲ್ಸಿಯಂ ಪುಡಿ ಹೊರಳಿಸಿ ಕೊಡು. ದಾಸವಾಳದ ಎಲೆ, ನುಗ್ಗೆಸೊಪ್ಪು, ಸೀಮೆಬದನೆ ತುರಿದು ಹಾಕು. ಪಾಲಕ್ ಬ್ಯಾಡ. ಮಿಡತೆ ಹಿಡಿದ್ರೆ ಶುಂಠಿ ಹೊಲದ್ದು ಹಿಡೀಬ್ಯಾಡ, ಔಷಧಿ ಹೊಡ್ದಿರ್ತಾರೆ. ಮಿಂಚುಹುಳ ಅಂತೂ ಮುಟ್ಲೇಬ್ಯಾಡ. ಒಂದು ತಿಂದ್ರೆ ಸಾಕು, ಹೋಯ್ತು. ಮತ್ತೆ, ಕರೆಂಟ್ ಇಲ್ದಾಗ ಏನೂ ತಿನ್ನಿಸ್ಬ್ಯಾಡ ಅಕ್ಕ. ಬಿಸಿ ಇಲ್ದಿದ್ರೆ ತಿಂದಿದ್ದು ಹೊಟ್ಟೇಲೇ ಕೊಳೀತೈತೆ."

ಇಷ್ಟು ಹೇಳುವಷ್ಟರಲ್ಲಿ ಸುಸ್ತಾಗಿ ಕಣ್ಣು ಮುಚ್ಚಿದ. ಪಕ್ಕದಲ್ಲಿ ನಿಂತಿದ್ದ ಮಾವ ನನ್ನನ್ನು ಹೊರಗೆ ಕರೆದು, "ಬಿದ್ ಮೇಲೆ ಇಷ್ಟು ಮಾತಾಡಿದ್ದು ಇವತ್ತೇ ಕಣವ್ವ. ಅದೊಂದನ್ನ ಹೆಂಗಾದ್ರೂ ಉಳಿಸ್ಕಂಡಿರು" ಅಂದರು.

ಆ ಮಾತು ನನ್ನ ಕುತ್ತಿಗೆಗೆ ಕಟ್ಟಿಕೊಂಡಿತು. ಅದು ಉಳಿದರೆ ಇವನು ಉಳಿಯುತ್ತಾನೆ ಎಂದು ಯಾರೂ ಹೇಳಿರಲಿಲ್ಲ. ನಾನೇ ಹಾಗೆ ಮಾಡಿಕೊಂಡೆ.

ಹುಳ ಎಂದರೆ ಜಿರಳೆ. ಅಟ್ಟದ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ ಮೊಟ್ಟೆ ಟ್ರೇಗಳ ನಡುವೆ ತಮ್ಮ ನೂರಾರು ಪರದೇಶದ ಜಿರಳೆ ಸಾಕಿದ್ದ. ಹಾರುವುದಿಲ್ಲ, ವಾಸನೆಯಿಲ್ಲ, ಅವುಗಳಿಗೂ ಗೋಧಿತೌಡು, ಕ್ಯಾರೆಟ್ಟು ಹಾಕಬೇಕು. ಅಮ್ಮನಿಗೆ ಈ ವಿಷಯವೇ ಗೊತ್ತಿರಲಿಲ್ಲ. ನಾನು ಚಿಮಟದಲ್ಲಿ ಒಂದೊಂದೇ ಹಿಡಿದು ಲೋಟಕ್ಕೆ ಹಾಕುವುದನ್ನು ಒಂದು ದಿನ ನೋಡಿದಳು. ಮಾರನೆಯ ದಿನ ನಾನು ಎಸ್ಟೇಟಿನಿಂದ ಬರುವಷ್ಟರಲ್ಲಿ ಡಬ್ಬವನ್ನು ಅಂಗಳಕ್ಕೆ ಇಳಿಸಿ ಕೊತಕೊತ ಕುದಿಯುವ ನೀರು ಸುರಿದಿದ್ದಳು. ಕೋಳಿಗಳು ಸುತ್ತ ನಿಂತು ಹೆಕ್ಕುತ್ತಿದ್ದವು.

"ಅಮ್ಮ, ಏನ್ ಮಾಡ್ಬುಟ್ಟೆ?"

"ಏನ್ ಮಾಡ್ದೆ? ಮನೇಲಿ ಜಿರಳೆ ಸಾಕ್ತಾರೇನೇ? ಅದು ಬಂದ್ ಗಳಿಗೇಲೇ ನನ್ ಮಗನ್ ಕೆಲ್ಸ ಹೋಯ್ತು, ಈಗ ಸೊಂಟಾನೂ ಹೋಯ್ತು. ಶನಿ ಅದು. ಎತ್ಕಂಡೋಗಿ ಕಾಡಿಗ್ ಬಿಟ್ ಬಾ, ಇಲ್ದಿದ್ರೆ ನಾನೇ ಬಿಡ್ತೀನಿ."

"ಕಾಡಿಗೆ ಬಿಟ್ರೆ ಒಂದಿನ ಬದ್ಕಲ್ಲ ಅದು."

"ನನ್ ಮಗ ಬದ್ಕಿದಾನಾ?"

ನಾನು ತಿರುಗಿ ಕೂಗಾಡಿದೆ. ಅವನನ್ನು ಆ ಏಣಿ ಹತ್ತಿಸಿದ್ದು ಓತಿಯಲ್ಲ, ನಾನು. ಬಿಡುವುದಾದರೆ ನನ್ನನ್ನು ಕಾಡಿಗೆ ಬಿಡು ಎಂದೆ. ಆ ಮಾತು ಅಷ್ಟು ದಿನ ಇಬ್ಬರ ಬಾಯಲ್ಲೂ ಬಂದಿರಲಿಲ್ಲ. ಅಮ್ಮ ಖಾಲಿ ಡಬ್ಬವನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಒಂದು ವಾರ ನಾವು ಒಬ್ಬರ ಮುಖ ಒಬ್ಬರು ನೋಡದೆ ಉಂಡೆವು.

ಹೀಗೆ ನಾನು ಮಿಡತೆ ಹಿಡಿಯುವವಳಾದೆ. ಊಟದ ಹೊತ್ತಿನಲ್ಲಿ ಆಳುಗಳು ಬುತ್ತಿ ಬಿಚ್ಚಿದರೆ, ರೈಟರಮ್ಮ ಕೊಡೆಯನ್ನು ಬಗಲಲ್ಲಿ ಇಟ್ಟುಕೊಂಡು ಹುಲ್ಲಿನಲ್ಲಿ ಕುಪ್ಪಳಿಸುತ್ತಿದ್ದಳು. ಮೊದಲು ನಕ್ಕರು. ಯಾಕೆಂದು ತಿಳಿದ ಮೇಲೆ ಹೆಂಗಸರೇ ಹಿಡಿದು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಂದು ಕೊಡತೊಡಗಿದರು. ಒಬ್ಬಾಕೆ, ತಮ್ಮ ಬಿದ್ದಾಗ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದವಳು, ದಿನಾ ಕೊಡುತ್ತ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಕಾಲು ಆಡಿಸ್ತಾನೇನಕ್ಕಾ?" ದಿನಾ ನಾನು ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದೆ.

*

ಮೇ ಕೊನೆಗೆ ತಮ್ಮನ ಬೆನ್ನಿನಲ್ಲಿ ಹುಣ್ಣಾಯಿತು. ಮಲಗಿದಲ್ಲೇ ಮಲಗಿ, ಎರಡು ಗಂಟೆಗೊಮ್ಮೆ ಹೊರಳಿಸಿದರೂ ಆಯಿತು. ಜ್ವರ ಹತ್ತಿತು. ಒಂದು ಹುಣ್ಣು ಮುಷ್ಟಿ ಹಿಡಿಸುವಷ್ಟು ಆಳಕ್ಕೆ ಹೋಯಿತು. ಅವನು ಊಟ ಬಿಟ್ಟ. ನಾನು ಕಲಸಿದ ತುತ್ತನ್ನು ಬಾಯಲ್ಲಿ ಇಟ್ಟುಕೊಂಡು ನುಂಗದೆ ಮಲಗಿರುತ್ತಿದ್ದ. ನಾನು ಹೋದಾಗಲೆಲ್ಲ ಫೋನಿನಲ್ಲಿ ಓತಿಯ ಫೋಟೋ ತೋರಿಸಬೇಕು. ಅದೊಂದನ್ನು ಮಾತ್ರ ನೋಡುತ್ತಿದ್ದ.

ಅದೇ ಸಮಯಕ್ಕೆ ಮಳೆ ಹಿಡಿಯಿತು. ಗಾಳಿಗೆ ಮರ ಬಿದ್ದು ನಮ್ಮ ಊರಿನ ಎರಡು ಕಂಬ ಮುರಿದವು, ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಲೈನ್‌ಮನ್‌ಗೆ ಫೋನ್ ಮಾಡಿದೆ. "ಹತ್ತೂರಲ್ಲಿ ಹಿಂಗೇ ಆಗೈತೆ ಮೇಡಂ, ನಿಮ್ದು ಯಾವಾಗ ಅಂತ ಹೇಳಕ್ಕಾಗಲ್ಲ" ಅಂದರು. ಮೊದಲ ದಿನ ಬಾಟಲಿಗಳಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ತೊಟ್ಟಿಯಲ್ಲಿ ಇಟ್ಟೆ. ಗಂಟೆಗೊಮ್ಮೆ ಬದಲಾಯಿಸಬೇಕು. ಕೆಲಸಕ್ಕೆ ಹೋಗಲಿಲ್ಲ. ಎರಡನೇ ದಿನಕ್ಕೆ ಓತಿಯ ಮೈ ಮತ್ತೆ ಕಪ್ಪಾಗತೊಡಗಿತು. ಅಷ್ಟು ದೊಡ್ಡ ಗಾಜಿನ ತೊಟ್ಟಿಯನ್ನು ಬಾಟಲಿಗಳಿಂದ ಕಾಯಿಸಲು ಆಗುವುದಿಲ್ಲ ಎಂದು ಗೊತ್ತಾಯಿತು.

ಮನೆಯಲ್ಲಿ ಇಡೀ ದಿನ ಬೆಚ್ಚಗಿರುವ ಜಾಗ ಒಂದೇ, ಬಚ್ಚಲು. ಹಂಡೆಯ ಒಲೆ ಅಮ್ಮನದು. ಅಲ್ಲಿ ಸೌದೆ ಒಣಗಿಸುವುದು, ಬಟ್ಟೆ ಒಣಗಿಸುವುದು, ಎಲ್ಲ ಅವಳ ಲೆಕ್ಕ. ಕೇಳದೆಯೇ ಒಂದು ಬುಟ್ಟಿಯಲ್ಲಿ ಓತಿಯನ್ನು ಇಟ್ಟು, ಮೇಲೆ ಜಾಲರಿ ಮುಚ್ಚಿ, ಒಲೆಯಿಂದ ಎರಡು ಮೊಳ ದೂರದ ಹಲಗೆಯ ಮೇಲೆ ಇಟ್ಟೆ. ಅಮ್ಮ ನೋಡಿದಳು. ಸೌದೆಯನ್ನು ಇನ್ನೊಂದಿಷ್ಟು ಒಳಕ್ಕೆ ತಳ್ಳಿ, ಕೆಮ್ಮುತ್ತ ಎದ್ದು ಹೋದಳು.

ಬೆಚ್ಚಗಾಯಿತು, ಆದರೆ ಅದು ತಿನ್ನಲಿಲ್ಲ. ಕರೆಂಟು ಹೋಗುವುದಕ್ಕೆ ವಾರ ಮೊದಲೇ ತಿನ್ನುವುದು ಕಮ್ಮಿಯಾಗಿತ್ತು. ಈಗ ಬುಟ್ಟಿಯ ಮೂಲೆಯನ್ನು ಮುಂಗಾಲಿನಿಂದ ಕೆರೆಯುವುದೇ ಕೆಲಸ. ಕರ್ ಕರ್ ಎಂದು ಬಿಡದೆ ಕೆರೆಯುತ್ತಿತ್ತು. ಉಗುರಿನ ಬುಡದಲ್ಲಿ ರಕ್ತ ಬಂತು. ಸೊಂಟದ ಎರಡೂ ಕಡೆ ಊದಿಕೊಂಡು, ಬೆನ್ನು ಮಾತ್ರ ಒಣಗಿತ್ತು. ತಮ್ಮನನ್ನು ಕೇಳೋಣವೆಂದರೆ ಅವನ ಜ್ವರ ಇಳಿದಿರಲಿಲ್ಲ. ಹಿಂದಿನ ತಿಂಗಳ ಫೋಟೋ ತೋರಿಸಿದೆ. "ಚೆನ್ನಾಗಿ ಕಾಣ್ತೈತೆ" ಅಂದ. ನಾನು ಕಾರಿಡಾರಿಗೆ ಬಂದು ಗೋಡೆಗೆ ಹಣೆ ಒತ್ತಿಕೊಂಡು ನಿಂತೆ. ಎರಡು ಜೀವ ನನ್ನ ಕಣ್ಣೆದುರೇ ಊಟ ಬಿಟ್ಟಿದ್ದವು. ಒಂದರ ಸ್ಥಿತಿಯನ್ನು ಇನ್ನೊಂದಕ್ಕೆ ಹೇಳುವ ಹಾಗಿರಲಿಲ್ಲ.

ನಾಲ್ಕನೇ ದಿನ ಬುಟ್ಟಿಯಲ್ಲಿ ಬಿಸಿನೀರಿನ ಬಾಟಲಿ ಇಟ್ಟು, ಶಾಲು ಹೊದಿಸಿ, ಆಲೂರಿನ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವರು "ಏನಮ್ಮ ಬುಟ್ಟೀಲಿ?" ಅಂದರೆ "ಕೋಳಿ" ಅಂದೆ. ದನದ ಆಸ್ಪತ್ರೆಯ ಡಾಕ್ಟರು ಒಳ್ಳೆಯವರು. ಕೈಗವಸು ಹಾಕಿಕೊಂಡು ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದರು.

"ನಿಮ್ಗೆ ಸುಳ್ಳು ಹೇಳಲ್ಲಮ್ಮ. ದನ, ಆಡು, ನಾಯಿ ಆದ್ರೆ ನೋಡ್ತೀನಿ. ಇದನ್ನ ಕೈಯಲ್ಲಿ ಹಿಡೀತಿರೋದೇ ಇವತ್ತು ಮೊದ್ಲು. ಹೊಟ್ಟೇಲಿ ಗಂಟು ಗಂಟಾಗಿ ಏನೋ ಸಿಗ್ತಿದೆ. ಗೆಡ್ಡೆ ಇದ್ರೂ ಇರಬಹುದು. ಬೆಂಗಳೂರಲ್ಲಿ ಇಂಥದ್ದನ್ನ ನೋಡೋರು ಇದಾರೆ. ಕರ್ಕೊಂಡು ಹೋಗ್ತೀರಾ?"

ಹೇಗೆ ಹೋಗಲಿ? ಮಾರನೆಯ ದಿನ ತಮ್ಮನ ಹುಣ್ಣಿಗೆ ಮತ್ತೊಂದು ಆಪರೇಷನ್ ಇತ್ತು. ಅದನ್ನೇ ಅವರಿಗೆ ಹೇಳಿದೆ. ಅವರು ದನಗಳಿಗೆ ಕುಡಿಸುವ ಕ್ಯಾಲ್ಸಿಯಂ ದ್ರಾವಣವನ್ನು ಒಂದು ಸಣ್ಣ ಸೀಸೆಗೆ ಹಾಕಿ, ಎಷ್ಟು ಹನಿ ಕೊಡಬೇಕೆಂದು ಯಾರಿಗೋ ಫೋನ್ ಮಾಡಿ ಕೇಳಿ, ಸಿರಿಂಜಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದುಕೊಟ್ಟರು.

ಮನೆಗೆ ಬಂದಾಗ ಅಮ್ಮ ಬಚ್ಚಲ ಒಲೆಯ ಮುಂದೆ ಕೂತಿದ್ದಳು. ಬುಟ್ಟಿಯನ್ನು ಹಲಗೆಯ ಮೇಲೆ ಇಟ್ಟು ಅವಳ ಪಕ್ಕ ನೆಲಕ್ಕೇ ಕುಸಿದೆ.

"ಏನಂದ್ರು?"

ಎರಡು ತಿಂಗಳಲ್ಲಿ ಅಮ್ಮ ಅದರ ವಿಷಯ ಕೇಳಿದ್ದು ಅದೇ ಮೊದಲು.

"ಹೊಟ್ಟೇಲಿ ಗಂಟು ಐತಂತೆ. ಉಳಿಯಲ್ಲ ಅನ್ಸುತ್ತೆ."

"ಒಂದೇ ಗಂಟಾ, ಸುಮಾರಾ?"

"ಸುಮಾರು."

ಅಮ್ಮ ಬುಟ್ಟಿಯ ಜಾಲರಿ ಸರಿಸಿದಳು. ಓತಿ ತಲೆಯೆತ್ತಿ ನೋಡಿ ಮತ್ತೆ ಮೂಲೆ ಕೆರೆಯಿತು. ಅಮ್ಮ ಕೈ ಒಳಗೆ ಹಾಕಿ, ಹಸುವಿನ ಹೊಟ್ಟೆ ನೋಡುವ ಹಾಗೆ ಅಂಗೈಯನ್ನು ಅದರ ಪಕ್ಕೆಗೆ ಇಟ್ಟಳು. ಮುಖ ಗಂಟಿಕ್ಕಿಕೊಂಡೇ ಇತ್ತು, ಕೈ ಮಾತ್ರ ಹಿಂದೆ ತೆಗೆಯಲಿಲ್ಲ.

"ಥೂ ಹುಚ್ಚಿ, ಇದು ಮೊಟ್ಟೆ ಕಣೆ. ಎರಡ್ ದಿನದಿಂದ ಇದು ಹಿಂಗ್ ಕೆರೆಯೋದು ನೋಡ್ತಿದೀನಿ, ಜಾಗ ಹುಡುಕ್ತಾ ಐತೆ ಅಂತ ಅನುಮಾನ ಇತ್ತು."

"ಮೊಟ್ಟೆ ಹೆಂಗಾಗುತ್ತಮ್ಮ? ಇದು ಗಂಡು ಅಂದಿದ್ನಲ್ಲ ಅವ್ನು. ಅಲ್ದೆ ಒಂದೇ ಇರೋದು."

"ಗಡ್ಡ ನೋಡಿ ಗಂಡು ಅಂದಿರ್ತಾನೆ. ಹುಂಜ ಇಲ್ದಿದ್ರೂ ಕೋಳಿ ಮೊಟ್ಟೆ ಇಕ್ಕಲ್ವಾ? ಇದಕ್ಕೆ ಮಣ್ಣು ಬೇಕು. ಗಟ್ಟಿ ಬುಟ್ಟೀಲಿ ಕೂರ್ಸಿದ್ರೆ ಎಲ್ಲಿಕ್ಕುತ್ತೆ? ಹೊಟ್ಟೇಲೇ ಕಟ್ಕಂಡು ಸಾಯುತ್ತೆ."

ಮನೆ ಹಿಂದೆ ಗೋಡೆ ಗಾರೆಗೆಂದು ತಂದ ಮರಳು ಉಳಿದಿತ್ತು. ಅಮ್ಮ ಮೊರದಲ್ಲಿ ತಂದು, ಕೆಮ್ಮಣ್ಣು ಬೆರೆಸಿ, ಬಿಸಿನೀರು ಚಿಮುಕಿಸಿ ಹದ ಮಾಡಿದಳು. ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ನೀರು ಸೋರಬಾರದು ಎಂದು ನನಗೂ ಹಿಡಿದು ನೋಡಲು ಹೇಳಿದಳು. ಒಡೆದ ಪ್ಲಾಸ್ಟಿಕ್ ಟಬ್ಬಿಗೆ ಮೊಣಕೈ ಮುಳುಗುವಷ್ಟು ತುಂಬಿ, ಓತಿಯನ್ನು ಅದರೊಳಗೆ ಬಿಟ್ಟು, ತನ್ನ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿದಳು.

"ಇಣುಕ್ಬೇಡ. ಬಾ ಆಚೆ."

ಅಂದು ಇಡೀ ಮಧ್ಯಾಹ್ನ ಬಚ್ಚಲಿನ ಬಾಗಿಲ ಹೊರಗೆ ನಾವಿಬ್ಬರೂ ಕೂತಿದ್ದೆವು. ಒಳಗೆ ಮಣ್ಣು ಕೆದರುವ ಸದ್ದು ಕೇಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕೇಳುತ್ತಿತ್ತು. ಒಮ್ಮೆ ಬಹಳ ಹೊತ್ತು ನಿಂತುಹೋಯಿತು. ಸತ್ತಿತು ಅಂದುಕೊಂಡು ಎದ್ದೆ. ಅಮ್ಮ ನನ್ನ ಸೆರಗು ಹಿಡಿದು ಎಳೆದು ಕೂರಿಸಿದಳು. ಅವಳ ತುಟಿ ಏನನ್ನೋ ಜಪಿಸುತ್ತಿತ್ತು. ಅದು ಮಗನಿಗೋ ಓತಿಗೋ ನಾನು ಕೇಳಲಿಲ್ಲ.

ಬೆಳಕು ಇಳಿಯುವ ಮುಂಚೆ ಅಮ್ಮನೇ ಹೋಗಿ ಸೀರೆ ಸರಿಸಿದಳು. ಓತಿ ಮಣ್ಣು ಮೆತ್ತಿಕೊಂಡು ಮೇಲೆ ಮಲಗಿತ್ತು. ಊದಿದ್ದ ಹೊಟ್ಟೆ ಖಾಲಿ ಚೀಲದ ಹಾಗೆ ಜೋತಿತ್ತು. ಕೆಳಗೆ, ಅದೇ ಮುಚ್ಚಿ ಸಮ ಮಾಡಿದ್ದ ಮಣ್ಣಿನಲ್ಲಿ, ಸಣ್ಣ ಹಲಸಿನ ಬೀಜದ ಗಾತ್ರದ ಬಿಳಿ ಮೊಟ್ಟೆಗಳು. ಅಮ್ಮ ಒಂದೊಂದೇ ತೆಗೆದು ಮೊರದಲ್ಲಿ ಇಟ್ಟಳು. ಹತ್ತೊಂಬತ್ತು. ಯಾವುದರಲ್ಲೂ ಜೀವವಿಲ್ಲ ಎಂದು ನಮಗೆ ಗೊತ್ತಿತ್ತು.

"ಇದಕ್ಕಾದ್ರೂ ಹಗುರಾಯ್ತು" ಎಂದು ಹೇಳಿ ಅಮ್ಮ ಮೊರವನ್ನು ನೆಲಕ್ಕಿಟ್ಟಳು. ಆಮೇಲೆ ಮುಖಕ್ಕೆ ಸೆರಗು ಹಾಕಿಕೊಂಡು ಅತ್ತಳು. ಮಗ ಬಿದ್ದ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತಳು.

ಅದು ಅಲ್ಲಿಗೆ ಮುಗಿಯಲಿಲ್ಲ. ಮಾರನೆಯ ದಿನ ಓತಿಯ ಹಿಂಗಾಲು ನಡುಗತೊಡಗಿತು. ಮೊಟ್ಟೆ ಮೈಯಲ್ಲಿದ್ದ ಕ್ಯಾಲ್ಸಿಯಂ ಎಲ್ಲವನ್ನೂ ಹೀರಿಕೊಂಡಿತ್ತು. ನಾನು ಹಾಸನದಲ್ಲಿ, ತಮ್ಮನನ್ನು ಆಪರೇಷನ್ ಕೋಣೆಗೆ ಕಳಿಸಿ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಅಮ್ಮ ಫೋನ್ ಮಾಡಿದಳು.

"ಬಾಯಿ ಬುಡ್ತಾ ಇಲ್ಲ ಕಣೆ. ಹೆಂಗ್ ಕುಡಿಸ್ಲಿ?"

"ಮೂತಿ ತುದೀಲಿ ಒಂದು ಹನಿ ಇಡು. ನೆಕ್ಕುತ್ತೆ. ಆಮೇಲೆ ಇನ್ನೊಂದು. ಸಿರಿಂಜಲ್ಲಿ ಗೆರೆ ಐತಲ್ಲ, ಅಲ್ಲಿಗಂಟ."

"ತಡಿ… ನೆಕ್ತು. ನೆಕ್ತು ಕಣೆ."

ಹಾಗೆ ಅವಳು ಅಲ್ಲಿ ಹನಿ ಹನಿಯಾಗಿ ಕುಡಿಸುತ್ತಿದ್ದಳು. ನಾನು ಇಲ್ಲಿ ಕೆಂಪು ಬಲ್ಬು ಉರಿಯುವ ಬಾಗಿಲನ್ನು ನೋಡುತ್ತಿದ್ದೆ. ಏಳನೇ ದಿನಕ್ಕೆ ಕರೆಂಟು ಬಂತು. ಹತ್ತನೇ ದಿನ ಅದು ಒಂದು ಮಿಡತೆ ತಿಂದಿತು.

ತಮ್ಮನ ಜ್ವರ ಇಳಿದ ಮೇಲೆ ಎಲ್ಲ ಹೇಳಿದೆ. "ಹೆಣ್ಣಾ?" ಅಂದ. ಎರಡು ವರ್ಷ ಸಾಕಿ ಗೊತ್ತಾಗಲಿಲ್ಲವಲ್ಲ ಎಂದು ನಕ್ಕ. ನಕ್ಕಾಗ ಹೊಟ್ಟೆ ಅಲುಗಲಿಲ್ಲ, ಬರೀ ಭುಜ ಅಲುಗಿತು. ಅವತ್ತೇ ಸಾಯಂಕಾಲ ಡಾಕ್ಟರು ನನ್ನನ್ನು ಕರೆದು, ಕಾಲು ಬರುತ್ತದೆ ಎಂದು ಆಸೆ ಇಟ್ಟುಕೊಳ್ಳಬೇಡಿ ಎಂದರು. ಕೂರುವುದನ್ನು ಕಲಿಸೋಣ ಎಂದರು.

*

ಆಗಸ್ಟಿನಲ್ಲಿ ಅವನನ್ನು ಮನೆಗೆ ಕರೆತಂದೆವು. ಅವನ ಕೋಣೆಯಲ್ಲೇ, ತೊಟ್ಟಿಯ ಪಕ್ಕಕ್ಕೆ ಮಂಚ ಹಾಕಿದೆ. ಅವನು ಅದನ್ನು ನೋಡಿ ಖುಷಿಪಡುತ್ತಾನೆ ಎಂದು ಗಾಜನ್ನು ಹಿಂದಿನ ದಿನವೇ ಒರೆಸಿ, ಹೊಸ ಮರಳು ಹಾಕಿದ್ದೆ. ಅವನು ಒಮ್ಮೆ ನೋಡಿದ. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿದ.

ಮೂರು ವಾರ ಹಾಗೇ ಇದ್ದ. ಅವನನ್ನು ಹೊರಳಿಸುವುದು, ಒರೆಸುವುದು, ಮೂತ್ರದ ಚೀಲ ಖಾಲಿ ಮಾಡುವುದು, ಹುಣ್ಣಿಗೆ ಬಟ್ಟೆ ಕಟ್ಟುವುದು. ಅದು ಮುಗಿದರೆ ಓತಿಗೆ ಲೈಟು, ಸೊಪ್ಪು, ಹುಳ, ಹಿಕ್ಕೆ ತೆಗೆಯುವುದು. ಒಂದು ಬೆಳಿಗ್ಗೆ ನಾನು ತೊಟ್ಟಿಯೊಳಗೆ ಕೈ ಹಾಕಿದ್ದಾಗ ಹಿಂದಿನಿಂದ ಹೇಳಿದ:

"ಅಕ್ಕ, ಅದನ್ನ ಯಾರಿಗಾದ್ರೂ ಕೊಟ್ಬುಡು."

"ಯಾಕೋ?"

"ಇಬ್ರೂ ಬಲ್ಬಿನ ಕೆಳಗೆ ಬಿದ್ಕಂಡಿರ್ತೀವಿ. ಇಬ್ರಿಗೂ ನೀನೇ ತಿನ್ನಿಸ್ಬೇಕು, ಇಬ್ರುದ್ದೂ ನೀನೇ ಬಾಚ್ಬೇಕು. ಒಂದಾದ್ರೂ ಕಮ್ಮಿ ಆಗ್ಲಿ. ಮೈಸೂರಲ್ಲಿ ಒಬ್ರು ತಗೋತಾರೆ, ನಂಬರ್ ಕೊಡ್ತೀನಿ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೈಯಲ್ಲಿದ್ದ ಸೊಪ್ಪಿನ ತಟ್ಟೆಯನ್ನು ನೆಲಕ್ಕೆ ಎಸೆದೆ. "ನಿನ್ನ ಕೇಳಿ ನಾನು ಅದನ್ನ ಉಳಿಸ್ಲಿಲ್ಲ" ಎಂದು ಕಿರುಚಿದೆ. ಅದು ಸುಳ್ಳು. ಅವನಿಗಾಗಿಯೇ ಉಳಿಸಿದ್ದು. ಆದರೆ ಹೇಳಿದ ಮೇಲೆ ಅರ್ಧ ನಿಜವೂ ಅನ್ನಿಸಿತು. ಆ ಐದು ತಿಂಗಳಲ್ಲಿ ನಾನು ಮಾಡಿದ್ದಕ್ಕೆ ಫಲ ಸಿಕ್ಕಿದ್ದು ಅಲ್ಲೊಂದೇ ಕಡೆ. ಬಿಸಿ ಕೊಟ್ಟರೆ ಅದು ಕಣ್ಣು ತೆರೆಯುತ್ತಿತ್ತು. ತಮ್ಮನಿಗೆ ಏನು ಕೊಟ್ಟರೂ ಕಾಲು ಅಲುಗುತ್ತಿರಲಿಲ್ಲ.

ಅಮ್ಮ ಬಾಗಿಲಿಗೆ ಬಂದು ನಿಂತಳು. "ಯಾರಿಗೂ ಕೊಡೋದ್ ಬ್ಯಾಡ. ನಿಮ್ಗೆ ಭಾರ ಆದ್ರೆ ಬಚ್ಚಲಲ್ಲಿ ಇಟ್ಕಂಡು ನಾನೇ ನೋಡ್ಕಂತೀನಿ" ಅಂದು, ಚೆಲ್ಲಿದ ಸೊಪ್ಪನ್ನು ಬಳಿದುಕೊಂಡು ಹೋದಳು.

ನಾನು ಮೈಸೂರಿನವರಿಗೆ ಫೋನ್ ಮಾಡಲಿಲ್ಲ. ತಮ್ಮ ಎಂಟು ದಿನ ನನ್ನ ಹತ್ತಿರ ಮಾತು ಬಿಟ್ಟ.

ಸೆಪ್ಟೆಂಬರಿನಲ್ಲಿ ಓತಿ ಪೊರೆ ಬಿಡಲು ಶುರು ಮಾಡಿತು. ಬೆನ್ನಿನದು, ಬಾಲದ್ದು ತಾನಾಗಿಯೇ ಹಾಳೆ ಹಾಳೆಯಾಗಿ ಬಿತ್ತು. ಹಿಂಗಾಲಿನ ಬೆರಳುಗಳಲ್ಲಿ ಮಾತ್ರ ಹಳೆಯ ಚರ್ಮ ದಾರದ ಹಾಗೆ ಸುತ್ತಿಕೊಂಡು ಉಳಿಯಿತು. ಎರಡು ದಿನಕ್ಕೆ ಒಂದು ಬೆರಳ ತುದಿ ಊದಿ ನೇರಳೆ ಬಣ್ಣವಾಯಿತು. ಮಳೆ ಬಿಟ್ಟ ಒಂದು ಮಧ್ಯಾಹ್ನ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಚಿಮಟದಲ್ಲಿ ಆ ದಾರದ ತುದಿ ಹಿಡಿದೆ.

"ಎಳೀಬೇಡ ಅಕ್ಕ!"

ಅವನು ಎರಡೂ ಕೈ ಊರಿ ದಿಂಬಿಗೆ ಬೆನ್ನು ಕೊಟ್ಟು ಅರ್ಧ ಎದ್ದಿದ್ದ.

"ಹಂಗೆ ಎಳುದ್ರೆ ಬೆರಳೇ ಕಿತ್ಕಂಡು ಬರ್ತೈತೆ. ಬಿಸಿನೀರು ತಗಂಬಾ, ಉಗುರುಬೆಚ್ಚಗೆ. ಹತ್ತಿ ಕಡ್ಡಿ ತಗಂಬಾ. ಅದನ್ನ ಇಲ್ ಕೊಡು."

ಕೊಟ್ಟೆ. ಅವನ ಎದೆಗೆ ಟವೆಲು ಹಾಸಿ, ಓತಿಯನ್ನು ಅದರ ಮೇಲೆ ಮಲಗಿಸಿದೆ. ಹತ್ತಿ ಕಡ್ಡಿಯನ್ನು ನೀರಿಗೆ ಅದ್ದಿ ಅದ್ದಿ ಬೆರಳನ್ನು ನೆನೆಸಿದ. ಕೈ ಬಹಳ ಸಣ್ಣಗಾಗಿತ್ತು. ಕಾಯುತ್ತಿದ್ದ, ಮತ್ತೆ ನೆನೆಸುತ್ತಿದ್ದ, ಉಗುರಿನ ತುದಿಯಿಂದ ಸ್ವಲ್ಪವೇ ಸರಿಸುತ್ತಿದ್ದ. ನಾನು ನೀರಿನ ಬಟ್ಟಲು ಹಿಡಿದು ನಿಂತೆ. ತಣ್ಣಗಾದಾಗಲೆಲ್ಲ ಅಮ್ಮ ಒಲೆಯಿಂದ ಬೇರೆ ನೀರು ತಂದು ಸುರಿದಳು. ಮುಕ್ಕಾಲು ಗಂಟೆಯ ಮೇಲೆ ಮೊದಲ ಬೆರಳಿನ ಚರ್ಮ ಸಣ್ಣ ಟೊಪ್ಪಿಗೆಯ ಹಾಗೆ ಕಳಚಿ ಬಂತು. ಅದನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡು ನೋಡಿದ.

ಆ ಊದಿದ ತುದಿ ಉಳಿಯುತ್ತದೋ ಉದುರುತ್ತದೋ ಅವನಿಗೂ ಗೊತ್ತಿರಲಿಲ್ಲ. "ತುದಿ ಹೋದ್ರೂ ಹೋಗ್ಬೋದು. ಕಾಲಿಗೆ ಏನೂ ಆಗಲ್ಲ" ಅಂದ. ಮೂರು ಬೆರಳು ಮುಗಿಯುವಷ್ಟರಲ್ಲಿ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ದಿಂಬಿನ ಮೇಲೆ ತಲೆ ಒರಗಿಸಿ, ಇನ್ನೊಂದು ಕಾಲನ್ನು ನಾಳೆ ನೋಡೋಣ ಅಂದ.

ಅಮ್ಮ ಗಂಜಿ ತಂದಳು. ನಾನು ಓತಿಯನ್ನು ಅವನ ಎದೆಯಿಂದ ಎತ್ತಲು ಹೋದೆ.

"ಇರ್ಲಿ ಬುಡು," ಅಂದ. "ಕುಡಿದಾದ್ ಮೇಲೆ ಎತ್ತುವಂತೆ."